ಕಲೆ ತೆಗೆಯುವ ಮನೆ

ಪಕ್ಕದ ಮನೆಗೆ ಸಾಹುಕಾರ ಬಂದ ಮಾತ್ರಕ್ಕೆ ನಿಮ್ಮ ಸಂಬಳ ಏರುವುದಿಲ್ಲ.

ಇದು ಹಾಲುಗಲ್ಲದ ಮಗುವಿಗೂ ಗೊತ್ತಿರಬೇಕಾದ ಸಂಗತಿ. ನಮ್ಮ ನಗರಸಭೆಗೆ ಮಾತ್ರ ಗೊತ್ತಿಲ್ಲ. ಒಂದು ಬೀದಿಯಲ್ಲಿ ಹತ್ತು ಮಂದಿ ಅರೆಹೊಟ್ಟೆಯವರಿದ್ದಾರೆ, ಹನ್ನೊಂದನೆಯವನಾಗಿ ಒಬ್ಬ ಹೊಟ್ಟೆಬಾಕ ಬಂದು ಕೂತ ಎಂದುಕೊಳ್ಳಿ. ಎಲ್ಲರ ಊಟವನ್ನೂ ಕೂಡಿಸಿ ತಲೆಗಿಷ್ಟು ಎಂದು ಹಂಚಿ ನೋಡಿದರೆ ಇಡೀ ಬೀದಿಗೇ ಅಜೀರ್ಣವಾಗಿರಬೇಕು! ಈ ಕಣ್ಕಟ್ಟಿಗೆ ಸರಾಸರಿ ಎಂದು ಹೆಸರು. ನಮ್ಮ ಬಡಾವಣೆಯ ಸರಾಸರಿ ಆದಾಯ ದುಪ್ಪಟ್ಟಾಗಿದೆ ಎಂದು ಹೋದ ವರ್ಷ ನಗರಸಭೆ ಡಂಗುರ ಹೊಡೆಯಿತು. ದುಪ್ಪಟ್ಟಾದದ್ದು ಯಾರ ಜೇಬಿನಲ್ಲಿದೆ ಎಂದು ಹುಡುಕಲು ಒಂದು ನರಪಿಳ್ಳೆಯೂ ಬರಲಿಲ್ಲ. ಬದಲಿಗೆ, ಅನುಕೂಲಸ್ಥರ ಬಡಾವಣೆಗೆ ಇದೆಲ್ಲ ಯಾಕೆ ಎಂದು ಒಂದೊಂದೇ ಬಾಗಿಲು ಮುಚ್ಚತೊಡಗಿದರು. ಮೊದಲು ಮುಂಜಾನೆಯ ಬಸ್ಸು ನಿಂತಿತು. ಆಮೇಲೆ ಚಿಕ್ಕ ದವಾಖಾನೆಗೆ ಬೀಗ ಬಿತ್ತು. ಅದಾದ ಮೇಲೆ ಅವರ ಕಣ್ಣು ನಮ್ಮ ಒಗೆಮನೆಯ ಮೇಲೆ ಬಿತ್ತು. ಅಲ್ಲಿ ಅವರಿಗೆ ಗಂಜಿಯಕ್ಕ ಸಿಕ್ಕಳು.

ಒಗೆಮನೆ ಎಂದರೇನು ಎಂದು ಎತ್ತರದ ಕಟ್ಟಡಗಳವರಿಗೆ ಬಿಡಿಸಿ ಹೇಳಬೇಕು. ರೈಲು ನಿಲ್ದಾಣದ ಹಿಂಬದಿಯ ಬೀದಿಯಲ್ಲಿ ಕೆಂಪು ಇಟ್ಟಿಗೆಯ ಉದ್ದನೆಯ ಕಟ್ಟಡ ಒಂದಿದೆ. ಒಳಗೆ ಒಂದು ಬದಿಗೆ ಒಗೆಯುವ ಯಂತ್ರಗಳ ಸಾಲು, ಎದುರು ಬದಿಗೆ ಹಳೆಯ ಕಲ್ಲಿನ ತೊಟ್ಟಿಗಳು, ನಡುವೆ ಇಸ್ತ್ರಿಯ ಮೇಜು. ತಲೆಯ ಮೇಲೆ ರಾಟೆಗಳಿಂದ ಇಳಿಬಿಟ್ಟ ಉದ್ದುದ್ದ ಕೋಲುಗಳು. ಹಗ್ಗ ಎಳೆದರೆ ಕೋಲು ಕೆಳಗಿಳಿಯುತ್ತದೆ, ಒದ್ದೆ ಬಟ್ಟೆ ಹರವಿ ಮತ್ತೆ ಎಳೆದರೆ ಛಾವಣಿಗೆ ಏರುತ್ತದೆ. ಮನೆಯಲ್ಲಿ ಯಂತ್ರ ಇಡಲು ಮೊಳದಷ್ಟು ಜಾಗವಿಲ್ಲದವರು, ಎರಡು ಕೋಣೆಯಲ್ಲಿ ಮೂರು ಸಂಸಾರ ನಡೆಸುವವರು, ಒಂದೇ ಜೊತೆ ಸಮವಸ್ತ್ರ ಇರುವವರು ಇಲ್ಲಿಗೆ ಬರುತ್ತಾರೆ. ನನ್ನ ಅಂಗಿಗಳೂ ಇಲ್ಲೇ ಬೆಳ್ಳಗಾಗುವುದು.

ಇದು ಯಾರೋ ಪುಣ್ಯಾತ್ಮರು ಕೊಟ್ಟ ದಾನವಲ್ಲ. ಈ ಬಡಾವಣೆಯನ್ನು ಕಟ್ಟಿದ್ದು ಗಾಜಿನ ಕಾರ್ಖಾನೆಯ ಕೆಲಸಗಾರರು. ಗಂಡಸರು ಮನೆಗೆ ಬಂದರೆ ಅವರ ಬಟ್ಟೆಯ ಜೊತೆ ಗಾಜಿನ ಪುಡಿಯೂ ಬರುತ್ತಿತ್ತು. ಮನೆಯ ಬಕೆಟ್ಟಿನಲ್ಲಿ ಒಗೆದರೆ ಅದೇ ಪುಡಿ ಮಕ್ಕಳ ಹಾಸಿಗೆಗೆ. ಕೂಸುಗಳ ಮೈಮೇಲೆ ಗೀರು ಕಂಡಾಗ ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿ ನಗರಸಭೆಯ ಮೆಟ್ಟಿಲ ಮೇಲೆ ಕೂತರು. ಎಬ್ಬಿಸಲು ಬಂದವರೇ ಸುಸ್ತಾದರು. ಒಗೆಮನೆ ಎದ್ದಿತು. ಮೆಟ್ಟಿಲ ಮೇಲೆ ಕೂತವರಲ್ಲಿ ಗಂಜಿಯಕ್ಕನ ತಾಯಿಯೂ ಒಬ್ಬಳು. ಆಕೆಯೇ ಒಗೆಮನೆಯ ಮೊದಲ ಕೆಲಸದವಳು. ಆಕೆಯ ಕೈ ಸೋತಾಗ ಕೆಲಸ ಮಗಳಿಗೆ ಬಂತು.

ಗಂಜಿಯಕ್ಕ ಎಂಬ ಹೆಸರು ಬಂದದ್ದು ಬಟ್ಟೆಗೆ ಹಾಕುವ ಗಂಜಿಯಿಂದ. ಆಕೆಯ ಕೈಗೆ ಸಿಕ್ಕಿದ ಅಂಗಿ ಗರಿಗರಿಯಾಗಿ, ನೆಲಕ್ಕಿಟ್ಟರೆ ತಾನೇ ಎದ್ದು ನಿಲ್ಲುವ ಹಾಗಿರುತ್ತದೆ. ಮೊದಮೊದಲು ಬೀದಿಯ ಪೋಲಿಗಳು ರೇಗಿಸುತ್ತಿದ್ದರು: "ಹೊಟ್ಟೆಗೆ ಗಂಜಿ ಇಲ್ಲ, ಬಟ್ಟೆಗೆ ಗಂಜಿ!"

ಆಕೆ ಇಸ್ತ್ರಿ ನಿಲ್ಲಿಸದೆ ಹೇಳಿದ್ದಳು: "ಹೊಟ್ಟೆಗಿಲ್ಲದ್ದು ನನಗೆ ಮಾತ್ರ ಗೊತ್ತಾಗುತ್ತೆ ಕಣ್ರೋ. ಬಟ್ಟೆಗಿಲ್ಲದ್ದು ಊರಿಗೇ ಕಾಣುತ್ತೆ."

ಆ ಮಾತೇ ಒಗೆಮನೆಯ ಕಾನೂನಾಯಿತು. ಈ ಬಾಗಿಲು ದಾಟಿ ಹೊರಗೆ ಹೋಗುವವರ ಮೈಮೇಲೆ ಬಡತನ ಕಾಣಬಾರದು. ಗುಂಡಿ ಹೋಗಿದ್ದರೆ ಆಕೆಯ ಡಬ್ಬಿಯಲ್ಲಿ ಗುಂಡಿ ಇದೆ. ಕಾಲರ್ ಸವೆದಿದ್ದರೆ ಬಿಚ್ಚಿ ತಿರುಗಿಸಿ ಹೊಲಿಯುತ್ತಾಳೆ. ಯಾರಾದರೂ ಸುಕ್ಕು ಅಂಗಿಯಲ್ಲೇ ಜಾರಿಕೊಳ್ಳಲು ನೋಡಿದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. "ಎಲ್ಲಿಗೆ ಸವಾರಿ? ನನ್ನ ಮಾನ ಕಳೀಬೇಕು ಅಂತಿದೀಯಾ? ಬಿಚ್ಚು." ಎಂಥ ಮೀಸೆಯವರೂ ಬಿಚ್ಚಿ ಕೊಟ್ಟು ಬನಿಯನ್ನಿನಲ್ಲಿ ಬೆಂಚಿನ ಮೇಲೆ ಕೂತಿದ್ದಾರೆ.

ಬಡಾವಣೆ ಬದಲಾದದ್ದನ್ನು ನಗರಸಭೆ ಅಂಕಿಗಳಲ್ಲಿ ನೋಡಿತು. ಗಂಜಿಯಕ್ಕ ತೊಟ್ಟಿಯಲ್ಲಿ ನೋಡಿದಳು. ಕಾರ್ಖಾನೆ ಮುಚ್ಚಿದ ವರ್ಷ ನೀಲಿ ಅಂಗಿಗಳು ನಿಂತುಹೋದವು. ಒಂದಷ್ಟು ಕಾಲ ಬರೀ ಹಾಸಿಗೆ ಬಟ್ಟೆ, ಮಕ್ಕಳ ಬಟ್ಟೆ. ಗಂಡಸರ ಬಟ್ಟೆ ಕೊಳೆಯಾಗುತ್ತಲೇ ಇರಲಿಲ್ಲ, ಕೆಲಸವೇ ಇಲ್ಲವಲ್ಲ. ಆಮೇಲೆ ಖಾಲಿ ಮನೆಗಳಿಗೆ ದೂರದೂರದವರು ಬಂದರು. ಬೆಟ್ಟದ ಕಡೆಯವರು, ಗಡಿಯಾಚೆಯವರು, ಸಮುದ್ರ ದಾಟಿ ಬಂದವರು. ತೊಟ್ಟಿಗೆ ನರ್ಸುಗಳ ಬಿಳಿ ಬಂತು, ಅಡುಗೆಯವರ ಎಣ್ಣೆಗಟ್ಟಿದ ಏಪ್ರನ್ ಬಂತು, ಕಾವಲುಗಾರರ ಖಾಕಿ ಬಂತು. ಒಂದು ಕೋಲಿನ ಮೇಲೆ ಐದು ದೇವರುಗಳ ಭಕ್ತರ ಬಟ್ಟೆಗಳು ಒಟ್ಟಿಗೆ ಒಣಗುತ್ತಿದ್ದವು. ನೀರು ಎಲ್ಲದರಿಂದಲೂ ಒಂದೇ ಥರ ತೊಟ್ಟಿಕ್ಕುತ್ತಿತ್ತು.

ಹೀಗೆ ಬಂದವರಿಗೆ ನಮ್ಮ ಭಾಷೆ ಕಲಿಸಿದ ಶಾಲೆಯೂ ಅದೇ. ಮೇಷ್ಟ್ರು ಗಂಜಿಯಕ್ಕ. ಮೊದಲ ಪಾಠದಲ್ಲಿ ಸೋಪು, ಸಾಲು, ಬಿಸಿ, ಹಿಂಡು. ಎರಡನೇ ಪಾಠ ಕಲೆ. "ಇದು ಯಾವ ಕಲೆ?" ಎಂದು ಬಟ್ಟೆ ಹಿಡಿದು ಕೇಳುತ್ತಾಳೆ. ಎಣ್ಣೆ ಕಲೆ, ಶಾಯಿ ಕಲೆ, ತುಕ್ಕಿನ ಕಲೆ, ರಕ್ತದ ಕಲೆ. ಒಂದೊಂದಕ್ಕೆ ಒಂದೊಂದು ಮದ್ದು. ಕಲೆಗೆಂದೇ ಬಾಗಿಲ ಹತ್ತಿರದ ತೊಟ್ಟಿ ಮೀಸಲು.

ಸಮುದ್ರದಾಚೆಯಿಂದ ಬಂದ ನರ್ಸಮ್ಮ ಒಬ್ಬಳಿದ್ದಾಳೆ. ಆಕೆ ಕಲಿತ ಕನ್ನಡವೆಲ್ಲ ಒಗೆಮನೆಯದೇ. ಒಮ್ಮೆ ಆಕೆ ನೋಡಿಕೊಳ್ಳುತ್ತಿದ್ದ ಅಜ್ಜಿ, "ನನ್ನ ಮಗ ಇಡೀ ಜೀವನ ಕಲೆಯಲ್ಲೇ ಕಳೆದುಬಿಟ್ಟ ಕಣಮ್ಮಾ" ಎಂದು ಹೆಮ್ಮೆಯಿಂದ ಹೇಳಿದರು. ನರ್ಸಮ್ಮ ಅಜ್ಜಿಯ ಕೈ ಹಿಡಿದುಕೊಂಡಳು. "ಬೇಜಾರು ಮಾಡ್ಕೋಬೇಡಿ ಅಜ್ಜಿ, ಬಿಸಿನೀರಿಗೆ ಉಪ್ಪು ಹಾಕಿ ನೆನೆಸಿದ್ರೆ ಹೋಗುತ್ತೆ" ಎಂದಳಂತೆ! ಈ ಕಥೆ ಕೇಳಿ ಒಗೆಮನೆಯಲ್ಲಿ ಅರ್ಧ ಜನ ನಕ್ಕರು. ಇನ್ನರ್ಧ ಜನಕ್ಕೆ, ಗಂಜಿಯಕ್ಕನಿಗೂ, ನಗು ಯಾಕೆಂದೇ ತಿಳಿಯಲಿಲ್ಲ. ನಮ್ಮ ಬೀದಿಯಲ್ಲಿ ಕಲೆ ಎಂದರೆ ಒಂದೇ ಅರ್ಥ.

ಆಮೇಲೆ ರೈಲು ಮಾರ್ಗ ಬಂತು. ಹಿಂದೆಯೇ ಎತ್ತರದ ಕಟ್ಟಡಗಳು ಬಂದವು. ಕಾರ್ಖಾನೆಯ ಜಾಗ ಹೋಯಿತು, ಅದರ ಪಕ್ಕದ ಸಾಲುಮನೆಗಳೂ ಹೋದವು. ಅದರಲ್ಲಿ ಗಂಜಿಯಕ್ಕನ ತಾಯಿಯ ಮನೆಯೂ ಒಂದು. ಅದಕ್ಕೆ ಬದಲಾಗಿ ಗಂಜಿಯಕ್ಕನ ತಮ್ಮನಿಗೆ ಐದನೇ ಮಹಡಿಯಲ್ಲಿ ಮನೆ ಸಿಕ್ಕಿತು. ತಾಯಿ ಕೆಲಸಕ್ಕೆ ಹೋದಾಗ ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದ ತಮ್ಮ ಅವನು. ಕೆಟ್ಟವನಲ್ಲ. ಟೈಲ್ಸ್ ವ್ಯಾಪಾರ ಕೈ ಹಿಡಿದಿತ್ತು, ಬಾಳು ನೆಟ್ಟಗಾಗಿತ್ತು. ಅಕ್ಕನಿಗೆಂದು ಒಂದು ಕೋಣೆಯನ್ನೂ ಎತ್ತಿಟ್ಟಿದ್ದ.

ಆಕೆ ಹೋಗಿ ನೋಡಿಕೊಂಡು ಬಂದಳು. ಗಂಡನಿಲ್ಲ, ಮಕ್ಕಳಿಲ್ಲ; ಹೋಗಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. "ಚೆನ್ನಾಗಿದೆ ಕಣೋ. ಆದ್ರೆ ಬಾಲ್ಕನೀಲಿ ಬಟ್ಟೆ ಒಣಗಿಸೋ ಹಾಗಿಲ್ವಂತೆ. ಕಟ್ಟಡದ ಅಂದ ಕೆಡುತ್ತಂತೆ. ಬಟ್ಟೆ ಕಂಡ್ರೆ ಹೇಸೋ ಮನೇಲಿ ನಾನು ಹ್ಯಾಗಿರ್ಲಿ?" ಎಂದವಳೇ ಒಗೆಮನೆಯ ಹಿಂದಿನ ಚಿಕ್ಕ ಬಾಡಿಗೆ ಮನೆಯಲ್ಲಿ ಉಳಿದಳು. ತಮ್ಮನೋ, ಆ ಕಟ್ಟಡದ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾದ. ಬೀದಿಯವರು ಅವನಿಗೆ ಲಿಫ್ಟಣ್ಣ ಎಂದು ಹೆಸರಿಟ್ಟರು.

ಗಮನಿಸಿ, ಅವರು ನಿವಾಸಿಗಳು. ಮೂರು ತಲೆಮಾರಿನಿಂದ ಇಲ್ಲೇ ಇರುವ ನಾವು "ಇಲ್ಲಿನ ಜನ". ನಿವಾಸಿಗಳಿಗೆ ಸಂಘ ಇರುತ್ತದೆ, ಅಭಿಪ್ರಾಯ ಇರುತ್ತದೆ. ಜನಕ್ಕೆ ಏನಿರುತ್ತದೆ? ಸಮಸ್ಯೆ ಇರುತ್ತದೆ.

ಹೋದ ಚಳಿಗಾಲದಲ್ಲಿ ನಗರಸಭೆಯಿಂದ ಸುದ್ದಿ ಬಂತು: ಒಗೆಮನೆ ಇನ್ನೂ ಬೇಕೇ ಬೇಡವೇ ಎಂದು ನೋಡಲು ಬರುತ್ತಾರೆ. ಈಗ ಕೇಳಿ, ನಮ್ಮವರು ಮಾಡಿದ ಕೆಲಸ. ಬೇರೆ ಯಾವ ಬೀದಿಯವರಾದರೂ ಅವತ್ತು ಯಂತ್ರಗಳ ಮುಂದೆ ಮೂಟೆ ಮೂಟೆ ಕೊಳೆ ಬಟ್ಟೆ ಪೇರಿಸಿ, ಮಕ್ಕಳನ್ನು ಅಳಿಸಿ, ಸಾಲು ಹಚ್ಚಿ ನಿಲ್ಲುತ್ತಿದ್ದರು. ಗಂಜಿಯಕ್ಕ ಏನು ಮಾಡಿದಳು? ಮನೆಮನೆಗೆ ಹೋಗಿ ಹೇಳಿದಳು: "ನಾಳೆ ದೊಡ್ಡೋರು ಬರ್ತಾರೆ. ಯಾರೂ ಕೊಳೆ ಬಟ್ಟೆ ತರಬೇಡಿ. ಎಲ್ಲ ಇವತ್ತೇ ಮುಗಿಸ್ಕೊಳಿ. ಒಳ್ಳೇ ಬಟ್ಟೆ ಹಾಕ್ಕೊಳಿ. ಬೀದೀಲಿ ಒಂದು ಕರವಸ್ತ್ರ ಒಣಗ್ತಿದ್ರೂ ನಾನು ಸುಮ್ನಿರಲ್ಲ."

ಮನೆಗೆ ನೆಂಟರು ಬಂದರೆ ಹರಿದ ಚಾಪೆ ಒಳಗಿಡುವವರಲ್ಲವೇ ನಾವು? ಬೀದಿಗೆ ಬೀದಿಯೇ ಹಾಗೆ ಮಾಡಿತು. ತೊಟ್ಟಿಗಳನ್ನು ಉಜ್ಜಿದರು. ನೆಲ ಒರೆಸಿ ಒಣಗಿಸಿದರು. ಕೋಲುಗಳೆಲ್ಲ ಖಾಲಿಯಾಗಿ ಛಾವಣಿ ಸೇರಿದವು.

ಬಂದದ್ದು ದೊಡ್ಡವರಲ್ಲ, ಸಮೀಕ್ಷೆಗೆಂದು ಕಳಿಸಿದ ಒಬ್ಬ ಚಿಕ್ಕ ಹುಡುಗಿ. ಮೆತ್ತಗಿನ ಮಾತು, ಕೈಯಲ್ಲಿ ಹಲಗೆಯಂಥ ಫೋನು. ಒಳಗೆ ಕಾಲಿಟ್ಟವಳು ಸುತ್ತ ನೋಡಿದಳು. ಕನ್ನಡಿಯಂಥ ನೆಲ. ಒಂದು ಯಂತ್ರವೂ ತಿರುಗುತ್ತಿಲ್ಲ. ಬೆಂಚಿನ ಮೇಲೆ ಐದಾರು ಜನ ಗರಿಗರಿ ಬಟ್ಟೆಯಲ್ಲಿ ಫೋಟೋಗೆ ಕೂತವರ ಹಾಗೆ.

"ಎಷ್ಟು ಚೊಕ್ಕಟವಾಗಿದೆ!" ಎಂದಳು.

"ನಮ್ಮಲ್ಲಿ ಯಾವಾಗ್ಲೂ ಹೀಗೇನಮ್ಮಾ" ಎಂದಳು ಗಂಜಿಯಕ್ಕ. ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು.

"ಹೆಚ್ಚು ಜನ ಬರಲ್ವಾ?"

ಗಂಜಿಯಕ್ಕ ಬೆಂಚಿನ ಕಡೆ ನೋಡಿದಳು. ಬೆಂಚಿನವರು ಎದೆ ಉಬ್ಬಿಸಿ ಕೂತರು. "ಬರೋರು ಬರ್ತಾರೆ. ಯಾರಿಗೂ ತೊಂದ್ರೆ ಇಲ್ಲ. ಎಲ್ಲ ಅನುಕೂಲವಾಗೇ ಇದೀವಿ."

ಹುಡುಗಿ ಫೋನಿನ ಮೇಲೆ ಬೆರಳಾಡಿಸಿದಳು. "ಕೊನೇದಾಗಿ ಒಂದು ಪ್ರಶ್ನೆ ಅಮ್ಮಾ. ಈ ಕಟ್ಟಡದಲ್ಲಿ ಕಲೆಗೆ ಜಾಗ ಇರಬೇಕು ಅಂತೀರಾ?"

ಗಂಜಿಯಕ್ಕ ನಕ್ಕೇಬಿಟ್ಟಳು. "ಅಯ್ಯೋ ನನ್ನ ತಾಯೀ! ಕಲೆಗೆ ಅಂತಲೇ ಅಲ್ವಾ ಈ ಕಟ್ಟಡ ಇರೋದು? ನಾನು ಇಲ್ಲಿರೋದೂ ಅದಕ್ಕೇ."

"ಬೇರೆಯವರೂ ಹಾಗೇ ಅಂತಾರಾ?"

ಬೆಂಚು ಒಕ್ಕೊರಲಿನಿಂದ ಹೌದು ಎಂದಿತು. ನರ್ಸಮ್ಮ ಒಂದು ಹೆಜ್ಜೆ ಮುಂದೆ ಹೋಗಿ, "ಜಾಗ ಸಾಲ್ತಾ ಇಲ್ಲ, ಇನ್ನೊಂದು ತೊಟ್ಟಿ ಕೊಟ್ರೆ ಒಳ್ಳೇದು" ಎಂದಳು. ತೊಟ್ಟಿಯ ಮಾತು ಯಾಕೆ ಬಂತೆಂದು ಹುಡುಗಿಗೆ ತಿಳಿಯದಿದ್ದರೂ ನಗುತ್ತ ಕೈ ಮುಗಿದು ಹೋದಳು. ಬೀದಿಯೆಲ್ಲ ಬೀಗಿತು. ಮರ್ಯಾದೆ ಉಳಿಯಿತು!

ಎರಡು ವಾರ ಕಳೆಯುವುದರೊಳಗೆ ಬಾಗಿಲ ಮೇಲೆ ಪ್ರಕಟಣೆ ಬಿತ್ತು. ಬಡಾವಣೆಯ ಸರಾಸರಿ ಆದಾಯ ಏರಿದೆ. ಒಗೆಯುವ ಕೇಂದ್ರದ ಬಳಕೆ ತೀರ ಕಡಿಮೆ. ಸ್ಥಳೀಯರೆಲ್ಲ ಈ ಕಟ್ಟಡವನ್ನು ಕಲೆಗೆ ಮೀಸಲಿಡಬೇಕೆಂದು ಒಮ್ಮತದಿಂದ ಬಯಸಿದ್ದಾರೆ. ಆದ್ದರಿಂದ ಇಲ್ಲಿ ಕಲಾಕೇಂದ್ರವೂ ಪಕ್ಕದಲ್ಲಿ ಕಾಫಿ ಅಂಗಡಿಯೂ ಬರಲಿವೆ. ಆಕ್ಷೇಪಣೆ ಇದ್ದವರು ಶಾಲೆಯ ಸಭಾಂಗಣದಲ್ಲಿ ನಡೆಯುವ ಸಭೆಗೆ ಬರಬಹುದು.

ಗೇಟು ಕಾಯುವ ಮಾವ ಇದನ್ನು ಗಟ್ಟಿಯಾಗಿ ಓದಿದ. ಎತ್ತರದ ಕಟ್ಟಡದ ಗೇಟಿನಲ್ಲಿ ಕೂರುವವನು, ಅವರ ಮಾತು ಕೇಳಿ ಕೇಳಿ ಪಳಗಿದವನು. ಅವನೇ ಬಿಡಿಸಿ ಹೇಳಿದ. "ಅಕ್ಕಾ, ಅವರ ಕಲೆ ಬೇರೆ. ಗೋಡೆಗೆ ತೂಗುಹಾಕೋ ಚಿತ್ರ. ಕಲೆ ತೆಗೆಯೋ ಮನೇಲಿ ಕಲೆ ತೂಗುಹಾಕ್ತಾರಂತೆ."

ಯಾರೋ ಕಿಸಕ್ಕನೆ ನಕ್ಕರು. ಗಂಜಿಯಕ್ಕನ ಮುಖ ನೋಡಿ ನಗು ಅಲ್ಲೇ ಇಂಗಿತು. ಆಕೆ ಬಾಗಿಲ ಹತ್ತಿರದ ತೊಟ್ಟಿಯ ಅಂಚಿನ ಮೇಲೆ ಕೂತಿದ್ದಳು. "ನಾನೇ ಬಾಯಾರೆ ಹೇಳಿ ಕೊಟ್ಟೆನಲ್ಲೋ" ಎಂದಳು. ಅಷ್ಟೇ. ತಾಯಿ ಮೆಟ್ಟಿಲ ಮೇಲೆ ಕೂತು ಪಡೆದದ್ದನ್ನು ಮಗಳು ನಗುನಗುತ್ತ ಬಿಟ್ಟುಕೊಟ್ಟಿದ್ದಳು, ಒಂದು ಎರಡಕ್ಷರದ ಮಾತಿನಲ್ಲಿ.

ಸಂಜೆ ಲಿಫ್ಟಣ್ಣ ಬಂದ. ಬಾಗಿಲಲ್ಲೇ ನಿಂತ.

"ಅಕ್ಕಾ, ನಂಗೆ ಮೊದ್ಲೇ ಗೊತ್ತಿರಲಿಲ್ಲ ಅಂತ ಸುಳ್ಳು ಹೇಳಲ್ಲ. ಸಂಘದಲ್ಲಿ ಮಾತಾಗಿತ್ತು."

"ನೀನೂ ಕೈ ಎತ್ತಿದ್ಯಾ?"

"ಕಾರ್ಯದರ್ಶಿ ಅಲ್ವಾ... ಬರ್ಕೊಂಡೆ." ತಲೆ ಕೆರೆದುಕೊಂಡ. "ನೋಡು, ಕಾಲ ಬದಲಾಗಿದೆ. ಈಗ ಎಲ್ರ ಮನೇಲೂ ಮಷೀನ್ ಇದೆ. ಸರಾಸರಿ ತಗೊಂಡ್ರೆ—"

"ಸರಾಸರಿ ಯಾರ ಮನೇಲಿ ಇರ್ತಾನೆ? ಕರ್ಕೊಂಡು ಬಾ, ಅವನ ಬಟ್ಟೆನೂ ಒಗೆದು ಕೊಡ್ತೀನಿ."

"ತಮಾಷೆ ಅಲ್ಲ ಅಕ್ಕಾ. ನಿಂಗೂ ವಯಸ್ಸಾಯ್ತು. ಕೋಣೆ ಹಾಗೇ ಇದೆ. ಬಂದು ಕಾಲು ಚಾಚಿ ಕೂತ್ಕೋ."

"ನಾನು ಕಾಲು ಚಾಚ್ತೀನಿ ಸರಿ. ನರ್ಸಮ್ಮ ನಾಳೆ ಯಾವ ಬಟ್ಟೇಲಿ ಆಸ್ಪತ್ರೆಗೆ ಹೋಗ್ತಾಳೆ? ಆಸ್ಪತ್ರೆ ಕೊಡೋದು ಒಂದೇ ಜೊತೆ. ಅದನ್ನ ನಿನ್ನ ಕಾಫಿ ಲೋಟದಲ್ಲಿ ನೆನೆಸ್ತಾಳಾ?"

ತಮ್ಮ ತಿರುಗಿದಾಗ ಆಕೆ ಕರೆದಳು. "ನಿಲ್ಲು." ಹತ್ತಿರ ಹೋಗಿ ಅವನ ಕೋಟಿನ ಹೆಗಲ ಮೇಲಿದ್ದ ನೂಲಿನ ಎಳೆಯೊಂದನ್ನು ಕಿತ್ತಳು. "ಈಗ ಹೋಗು."

ಸಭೆಗೆ ಹೇಗೆ ಹೋಗಬೇಕೆಂಬುದರ ಮೇಲೆ ಒಗೆಮನೆಯಲ್ಲಿ ಜಗಳವೇ ಆಯಿತು. ಗೇಟಿನ ಮಾವನ ಸಲಹೆ ಸೀದಾ ಇತ್ತು. "ಒಂದು ವಾರ ಯಾರೂ ಏನೂ ಒಗೀಬೇಡಿ. ಕೊಳಕು ಬಟ್ಟೆಲೇ ಹೋಗೋಣ. ಮೂಗು ಮುಚ್ಕೊಂಡು ಒಗೆಮನೆ ಕೊಟ್ಟು ಕಳಿಸ್ತಾರೆ."

ಎಷ್ಟೋ ಜನಕ್ಕೆ ಅದು ಹಿಡಿಸಿತು. ಏಪ್ರನ್ ತೊಟ್ಟ ಅಡುಗೆಯವನು, "ನಂದು ಒಂದೇ ಸಾಕು, ಮೊದಲ ಸಾಲು ಎದ್ದೋಗುತ್ತೆ" ಎಂದು ತನ್ನ ಎಣ್ಣೆ ಮೆತ್ತಿದ ಎದೆ ತೋರಿಸಿದ. ಎಲ್ಲರೂ ಗೊಳ್ಳೆಂದರು. ಕೆಲಸವೂ ಆಗುವ ಉಪಾಯವೇ ಅದು, ನಾನೂ ತಲೆಯಾಡಿಸಿದೆ.

ಗಂಜಿಯಕ್ಕ ಮಾತ್ರ ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಕೊಳೆ ತೋರಿಸಿದ್ರೆ ಒಗೆಮನೆ ಸಿಗುತ್ತೆ. ಹೌದು. ಆಮೇಲೆ? ನಾಳೆ ಮಕ್ಕಳು ಶಾಲೆಗೆ ಹೋದ್ರೆ, ಓ ಅವತ್ತು ನಾತ ಹೊಡೀತಾ ಬಂದಿದ್ರಲ್ಲ, ಅವರ ಮಕ್ಕಳು ಅಂತಾರೆ. ಆ ಕಲೆ ತೆಗೆಯೋಕೆ ನನ್ನ ಹತ್ರ ಮದ್ದಿಲ್ಲ."

"ಹಾಗಾದ್ರೆ ಕೈ ಬಿಟ್ಟು ಹೋಗುತ್ತೆ ಅಕ್ಕಾ" ಎಂದಳು ನರ್ಸಮ್ಮ.

"ಹೋದ್ರೆ ಇಸ್ತ್ರಿ ಹಾಕಿದ ಬಟ್ಟೇಲೇ ಹೋಗ್ಲಿ. ನಾವು ಬಡವರು ಅಂತ ಕೇಳಕ್ಕೆ ಹೋಗ್ತಿಲ್ಲ. ಇದು ನಮ್ಮದು ಅಂತ ಹೇಳಕ್ಕೆ ಹೋಗ್ತಿದೀವಿ."

ಸಭೆಯ ದಿನ ಬೆಳಗಿನಿಂದಲೇ ಒಗೆಮನೆಯ ಯಂತ್ರಗಳು ಗುಡುಗುತ್ತಿದ್ದವು. ಕೋಲುಗಳು ಇಳಿದವು, ಏರಿದವು. ಶಾಲೆಯ ಸಭಾಂಗಣಕ್ಕೆ ನಮ್ಮವರು ಬಂದದ್ದನ್ನು ನೀವು ನೋಡಬೇಕಿತ್ತು! ಮದುವೆ ಬಟ್ಟೆಯಲ್ಲ, ಹಬ್ಬದ ಬಟ್ಟೆಯಲ್ಲ. ಅವರವರ ಕೆಲಸದ ಬಟ್ಟೆ. ಕತ್ತಿಯಂಥ ಮಡಿಕೆಯ ಖಾಕಿ, ಕಣ್ಣು ಕುಕ್ಕುವ ಬಿಳಿ, ಒಂದು ಹನಿ ಎಣ್ಣೆಯ ಗುರುತೂ ಇಲ್ಲದ ಏಪ್ರನ್. ಎತ್ತರದ ಕಟ್ಟಡದವರು ಮುಂದಿನ ಸಾಲುಗಳಲ್ಲಿದ್ದರು, ಮನೆಯಲ್ಲಿ ಹಾಕುವ ಚಡ್ಡಿ, ಸುಕ್ಕು ಟೀಶರ್ಟುಗಳಲ್ಲಿ. ಹೊರಗಿನವನೊಬ್ಬ ಬಂದು ಯಾರ ಆದಾಯ ಹೆಚ್ಚು ಎಂದು ಊಹಿಸಿದ್ದರೆ ಮೋಸಹೋಗುತ್ತಿದ್ದ.

ನಗರಸಭೆ ಇದಕ್ಕೆಂದು ನೇಮಿಸಿದ ಸಮಿತಿಯ ಅಧ್ಯಕ್ಷರು ಅಂಕಿಗಳನ್ನು ಓದಿದರು. ಸಮೀಕ್ಷೆಯ ಹುಡುಗಿಯನ್ನು ಎಬ್ಬಿಸಿದರು. ಅವಳು ಪ್ರಾಮಾಣಿಕಳು, "ನಾನು ಕಂಡದ್ದು ಖಾಲಿ ಯಂತ್ರ, ಕೇಳಿದ್ದು ಕಲೆ ಬೇಕು ಅನ್ನೋ ಮಾತು, ಅದನ್ನೇ ಬರೆದೆ" ಎಂದಳು. ಅಧ್ಯಕ್ಷರು ಗಂಜಿಯಕ್ಕನ ಕಡೆ ತಿರುಗಿದರು.

"ನೀವು ಹೀಗೆ ಹೇಳಿದ್ದು ನಿಜವೇ?"

"ನಿಜ ಸ್ವಾಮಿ. ಕಲೆ ಅಂದ್ರೆ ನಂಗೆ ಗೊತ್ತಿರೋದು ಬಟ್ಟೆ ಮೇಲಿಂದು. ಈ ಮಗು ಕೇಳಿದ್ದು ಗೋಡೆ ಮೇಲಿಂದು. ತಪ್ಪು ಅವಳದ್ದೂ ಅಲ್ಲ, ನಂದೂ ಅಲ್ಲ, ಕನ್ನಡದ್ದು."

ಸಭಾಂಗಣ ಭೋರ್ಗರೆಯಿತು. ಮುಂದಿನ ಸಾಲಿನವರೂ ನಕ್ಕರು. ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಧ್ಯಕ್ಷರು ಮಾತ್ರ ಕನ್ನಡಕ ಸರಿಮಾಡಿಕೊಂಡು, ಮೇಲಿಂದ ಕೆಳಗೆ ಆಕೆಯನ್ನೂ ಆಕೆಯ ಹಿಂದೆ ಕೂತಿದ್ದವರನ್ನೂ ದಿಟ್ಟಿಸಿದರು.

"ಅದಿರಲಿ. ಆದರೆ ನಿಮ್ಮನ್ನೆಲ್ಲ ನೋಡಿದರೆ, ಬೇಸರ ಮಾಡಿಕೊಳ್ಳಬೇಡಿ, ಇಂಥದೊಂದು ಸೌಲಭ್ಯ ಬೇಕಾದ ಜನರ ಹಾಗೆ ಕಾಣುವುದಿಲ್ಲವಲ್ಲ?"

ಗಂಜಿಯಕ್ಕ ಹಿಂದೆ ತಿರುಗಿ ತನ್ನವರನ್ನು ಒಮ್ಮೆ ನೋಡಿದಳು.

"ಕಾಣಬಾರದು ಸ್ವಾಮಿ" ಎಂದಳು. "ಕಾಣದ ಹಾಗೆ ಮಾಡೋದೇ ನನ್ನ ಕೆಲಸ."

ಆಗ ಯಾರೂ ನಗಲಿಲ್ಲ. ನನ್ನ ಪಕ್ಕದಲ್ಲಿದ್ದ ನರ್ಸಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು. ಅವಳ ಪಕ್ಕದವನು, ಅವನ ಪಕ್ಕದವನು, ಹೀಗೆ ಸಾಲಿಗೆ ಸಾಲೇ. ನಾನು ಎಷ್ಟೋ ಸಭೆ ನೋಡಿದ್ದೇನೆ, ಜನ ಕೈ ಮುಗಿದದ್ದು ನೋಡಿದ್ದೇನೆ, ಕೂಗಿದ್ದು ನೋಡಿದ್ದೇನೆ. ಸುಮ್ಮನೆ ನೆಟ್ಟಗೆ ಕೂತದ್ದನ್ನು ಅವತ್ತೇ ನೋಡಿದ್ದು. ನನ್ನ ಎದೆ ಉಬ್ಬಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆಕೆಯೇ ಮುಂದುವರಿಸಿದಳು. "ನಿಮ್ಮ ಕಲೆ ಬೇಡ ಅಂತ ನಾನನ್ನಲ್ಲ. ಮೇಲುಗಡೆ ಗೋಡೆ ಖಾಲಿ ಇದೆ. ತಂದು ತೂಗುಹಾಕಿ. ನಮ್ಮವರೂ ಯಂತ್ರ ನಿಲ್ಲೋವರೆಗೂ ಬೆಂಚಿನ ಮೇಲೆ ಬೇಜಾರಾಗಿ ಕೂತಿರ್ತಾರೆ, ನೋಡ್ತಾರೆ. ಆದ್ರೆ ಹಬೆಗೆ ಬಣ್ಣ ಬಿಟ್ರೆ ನನ್ನ ಕೇಳಬೇಡಿ."

ಅಧ್ಯಕ್ಷರು ನಿವಾಸಿಗಳ ಸಂಘದ ಅಭಿಪ್ರಾಯ ಕೇಳಿದರು. ಲಿಫ್ಟಣ್ಣ ಎದ್ದ. ಕೈಯಲ್ಲಿದ್ದ ಹಾಳೆ ಓದಿದ: ಸಂಘಕ್ಕೆ ಕಲಾಕೇಂದ್ರ ಬೇಕು. ಓದಿ ಮುಗಿಸಿದವನು ಕೂರಲಿಲ್ಲ.

"ಇದು ಸಂಘದ್ದು. ಇನ್ನು ನಂದೊಂದು ಮಾತಿದೆ" ಎಂದ. ಹಾಳೆಯನ್ನು ಮಡಚಿ ಜೇಬಿಗಿಟ್ಟ. "ಇಲ್ಲಿ ಸರಾಸರಿ ಏರಿಸಿದವರಲ್ಲಿ ನಾನೂ ಒಬ್ಬ. ನಂಗೆ ಹೆಚ್ಚಾಗಿದೆ, ನಿಜ. ನನ್ನ ಅಕ್ಕಂಗೆ ಒಂದು ಕಾಸೂ ಹೆಚ್ಚಾಗಿಲ್ಲ. ಅದನ್ನೂ ಬರ್ಕೊಳಿ."

ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಯಾರೋ "ಕೂತ್ಕೊಳ್ರೀ" ಎಂದರು. ಅವನು ಕೂತ. ನೀವು ಸಿನಿಮಾ ನೋಡಿ ಅಭ್ಯಾಸವಾದವರು. ಅಕ್ಕ ಓಡಿಬಂದು ತಮ್ಮನನ್ನು ತಬ್ಬಿಕೊಂಡಳು ಎಂದು ಕಾಯುತ್ತಿದ್ದರೆ ನಿರಾಸೆಯಾದೀತು. ಆಕೆ ಅವನ ಕಡೆ ತಿರುಗಿಯೂ ನೋಡಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡದ್ದನ್ನು ಮಾತ್ರ ನಾನು ಕಂಡೆ.

ಸಮಿತಿ ತೀರ್ಮಾನ ಮಾಡಲಿಲ್ಲ. ತನ್ನ ತಲೆಯ ಮೇಲಿನ ಭಾರವನ್ನು ಇಡೀ ನಗರಸಭೆಯ ತಲೆಗೆ ದಾಟಿಸಿತು. ಈ ತಿಂಗಳ ಕೊನೆಯ ಶುಕ್ರವಾರ ಬೆಳಿಗ್ಗೆ ಸದಸ್ಯರೆಲ್ಲ ಸೇರಿ ಕೈ ಎತ್ತಿ ನಿರ್ಧರಿಸುತ್ತಾರಂತೆ: ಒಗೆಮನೆ ಉಳಿಯಬೇಕೋ, ಹೋಗಬೇಕೋ. ಅಲ್ಲಿಯವರೆಗೆ ಬಾಗಿಲು ತೆರೆದಿರುತ್ತದೆ.

ಲಿಫ್ಟಣ್ಣನ ಕಾರ್ಯದರ್ಶಿ ಪದವಿ ಬೇರೆಯವರ ಪಾಲಾಯಿತು. ಮೊನ್ನೆ ಅವನು ಒಂದು ಮೂಟೆ ಹೊತ್ತುಕೊಂಡು ಒಗೆಮನೆಗೆ ಬಂದ. ಮನೆಯ ಮಷೀನ್ ಕೆಟ್ಟಿದೆ ಎಂದ. ಕೆಟ್ಟಿತ್ತೋ, ಕೆಡಿಸಿಕೊಂಡು ಬಂದಿದ್ದನೋ, ಯಾರೂ ಕೇಳಲಿಲ್ಲ. ಮೂಟೆಯನ್ನು ಸೀದಾ ಅಕ್ಕನ ಮೇಜಿನ ಮೇಲಿಡಲು ಹೋದ.

"ಸಾಲಲ್ಲಿ ನಿಲ್ಲು" ಎಂದಳು ಆಕೆ.

ನಿಂತ. ಅವನ ಮುಂದೆ ಅಡುಗೆಯವನು, ಹಿಂದೆ ಗೇಟಿನ ಮಾವ. ಮೂವರೂ ಹರಟೆಗೆ ಬಿದ್ದರು.

ಈಗ ನಿಮಗೆ. ಐದನೇ ಮಹಡಿಯಲ್ಲಿ, ಹತ್ತನೇ ಮಹಡಿಯಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ. ಓದಿ, ಮನ ತುಂಬಿ ಬಂತು ಎಂದು ನನಗೆ ಪತ್ರ ಬರೆಯಬೇಡಿ. ಗಂಜಿಯಕ್ಕನಿಗೆ ನಿಮ್ಮ ಹಳೆ ಬಟ್ಟೆ ಕಳಿಸಬೇಡಿ, ಅದನ್ನು ಆಕೆ ಒಗೆದು ಇಸ್ತ್ರಿ ಹಾಕಿ ನಿಮಗೇ ವಾಪಸ್ಸು ಕಳಿಸುತ್ತಾಳೆ. ನಗರಸಭೆಯಲ್ಲಿ ನಿಮ್ಮ ವಾರ್ಡಿನ ಸದಸ್ಯರು ನಿಮ್ಮ ಮಾತಿಗೆ ಹೆದರುತ್ತಾರೆ, ನಮ್ಮ ಮಾತಿಗೆ ಹೆದರುವುದಿಲ್ಲ. ಈ ನಾಚಿಕೆಗೇಡಿನ ಸತ್ಯವನ್ನು ಒಮ್ಮೆಯಾದರೂ ಒಳ್ಳೆಯದಕ್ಕೆ ಬಳಸಿ. ಇವತ್ತೇ ಆ ಸದಸ್ಯರಿಗೆ ಫೋನ್ ಮಾಡಿ, ನಿಮ್ಮ ಹೆಸರು ಹೇಳಿ, ಒಗೆಮನೆಯ ಪರ ಕೈ ಎತ್ತಿ ಎಂದು ಹೇಳಿ. ಶುಕ್ರವಾರ ರಜೆ ಹಾಕಿ ನಗರಸಭೆಗೆ ಬನ್ನಿ, ಅವರು ಕೈ ಎತ್ತುತ್ತಾರೋ ಇಲ್ಲವೋ ಎಂದು ಎದುರಿಗೆ ಕೂತು ನೋಡಿ.